ವಾರಕ್ಕೊಮ್ಮೆ ಬರುವ ತರಕಾರಿ ಬಾಕ್ಸ್: ಹುಳಿ, ಪಲ್ಯದ ಮನೆಗೆ ಒಗ್ಗುತ್ತಾ?

ನಮ್ಮ ಮನೆ ಬೆಂಗಳೂರಿನ ಹನುಮಂತನಗರದಲ್ಲಿ. ಗಾಂಧಿ ಬಜಾರ್‌ಗೆ ನಡೆದೇ ಹೋಗಬಹುದು. ಬೆಳಿಗ್ಗೆ ಸೊಪ್ಪಿನವರು ಬೀದಿಗೇ ಬರುತ್ತಾರೆ. ಇಷ್ಟೆಲ್ಲ ಇರುವಾಗ ತರಕಾರಿ ಬಾಕ್ಸಿಗೆ ಯಾಕೆ ದುಡ್ಡು ಕಟ್ಟುತ್ತೀರಿ ಅಂತ ಪಕ್ಕದ ಮನೆಯವರು ಕೇಳುತ್ತಲೇ ಇರುತ್ತಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಸಂಜೆ ಬಸ್ಸಿಳಿಯುವ ಹೊತ್ತಿಗೆ ಗಾಡಿಗಳಲ್ಲಿ ಉಳಿದಿರುವುದು ಬೇರೆಯವರು ಆರಿಸಿ ಬಿಟ್ಟದ್ದು. ಭಾನುವಾರ ಹೋದರೆ ಎರಡು ಚೀಲ ಹೊತ್ತು ತರಬೇಕು, ಮೊಣಕಾಲು ಕೇಳುವುದಿಲ್ಲ. ಯಜಮಾನರನ್ನು ಕಳಿಸಿದರೆ ಬಲಿತ ಬೆಂಡೆಕಾಯಿ ಬರುತ್ತದೆ.

ನಾವು ತರಿಸುವುದು ಒಂದು ಚಿಕ್ಕ ಸಂಸ್ಥೆಯಿಂದ. ಅದರ ಹೆಸರು ಇಲ್ಲಿ ಬೇಡ, ಬೈಯುವುದೂ ಸ್ವಲ್ಪ ಇದೆ. ಶನಿವಾರ ಬೆಳಿಗ್ಗೆ ಪ್ಲಾಸ್ಟಿಕ್ ಕ್ರೇಟ್‌ನಲ್ಲಿ 5 ಕೆ.ಜಿ. ತರಕಾರಿ, 1 ಕೆ.ಜಿ. ಹಣ್ಣು, ಎರಡು ಮೂರು ಕಟ್ಟು ಸೊಪ್ಪು ಬರುತ್ತದೆ. 700 ರೂಪಾಯಿ. ಹಿಂದಿನ ವಾರದ ಖಾಲಿ ಕ್ರೇಟ್ ವಾಪಸ್ ಕೊಡಬೇಕು. ಏನು ಬರುತ್ತದೆ ಅನ್ನುವುದು ಅವರ ಆಯ್ಕೆ. ಬೇಡ ಅನ್ನುವ ಎರಡು ತರಕಾರಿ ಮಾತ್ರ ನಾವು ಹೇಳಬಹುದು. ನಮ್ಮ ಮನೆಯಲ್ಲಿ ನಾಲ್ಕು ಜನ: ಅತ್ತೆ, ನಾವಿಬ್ಬರು, ಕಾಲೇಜಿಗೆ ಹೋಗುವ ಮಗ.

ತಾಜಾತನದ ವಿಷಯದಲ್ಲಿ ಮಾತೇ ಇಲ್ಲ. ಹುರುಳಿಕಾಯಿ ಮುರಿದರೆ ಟಕ್ ಅನ್ನುತ್ತದೆ. ಕೋಲಾರ, ಮಾಲೂರು, ಚಿಕ್ಕಬಳ್ಳಾಪುರದ ಕಡೆ ಕಿತ್ತ ತರಕಾರಿ ಸಾಮಾನ್ಯವಾಗಿ ಮಂಡಿಗೆ ಬಂದು, ಅಲ್ಲಿಂದ ಕಲಾಸಿಪಾಳ್ಯವೋ ಮಡಿವಾಳವೋ ಸೇರಿ, ಆಮೇಲೆ ಗಾಡಿಯವರ ಕೈಗೆ ಬರುತ್ತದೆ. ಪ್ರತಿ ಕಡೆ ಇಳಿಸುವುದು, ಏರಿಸುವುದು, ನೀರು ಚಿಮುಕಿಸುವುದು. ಬಾಕ್ಸಿನವರು ಈ ನಡುವಿನ ಮೆಟ್ಟಿಲು ಒಂದೆರಡು ದಾಟುತ್ತಾರೆ. ನವಿಲುಕೋಸು, ಬೀಟ್‌ರೂಟ್ ಎಲೆ ಸಮೇತ ಬರುತ್ತವೆ. ಎಳೆ ಎಲೆಗೆ ತೊಗರಿಬೇಳೆ ಹಾಕಿ ಬಸ್ಸಾರು ಮಾಡಿದರೆ ಒಂದು ಹೊತ್ತಿನ ಅಡುಗೆ ಆಯಿತು. ಹೊನಗೊನ್ನೆ ಸೊಪ್ಪು, ನುಗ್ಗೆ ಸೊಪ್ಪು ಇವರು ಕಳಿಸುತ್ತಾರೆ. ನಮ್ಮ ಬೀದಿಗೆ ಬರುವ ಗಾಡಿಯಲ್ಲಿ ಹೊನಗೊನ್ನೆ ಕಾಣುವುದೇ ಅಪರೂಪ.

ಆದರೆ ‘ರೈತರಿಂದ ನೇರವಾಗಿ’ ಅಂತ ಅವರು ದೊಡ್ಡದಾಗಿ ಹೇಳಿಕೊಳ್ಳುವುದನ್ನು ನೋಡಿದರೆ ನಗು ಬರುತ್ತದೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದ, ಮಳಿಗೆಗಳಲ್ಲಿ ಹಣ್ಣು ತರಕಾರಿ ಮಾರುವ ನಮ್ಮ ಹಾಪ್‌ಕಾಮ್ಸ್ ಮಾಡಿಕೊಂಡು ಬಂದಿರುವುದು ಇದನ್ನೇ ಅಲ್ವಾ?

ಈಗ ಲೆಕ್ಕಕ್ಕೆ ಬರೋಣ. ಬಾಕ್ಸನ್ನು ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡುವ ಚಟ ನನಗಿದೆ. ತೂಕದಲ್ಲಿ ಮೋಸವಿಲ್ಲ, 5 ಕೆ.ಜಿ. ಅಂದರೆ 5 ಕೆ.ಜಿ.ಯೇ. ಆ 5 ಕೆ.ಜಿ. ಯಾವುದರಿಂದ ಆಗಿದೆ ಅನ್ನುವುದೇ ತಕರಾರು. ಒಂದು ಸೋರೆಕಾಯಿ, ಒಂದು ಎಲೆಕೋಸು, ನಾಲ್ಕು ಸೀಮೆಬದನೆ ಇಟ್ಟರೆ 3 ಕೆ.ಜಿ. ಮುಗಿಯಿತು. ಇವು ಮೂರೂ ತೂಕ ಜಾಸ್ತಿ, ಬೆಲೆ ಕಡಿಮೆ. ಹುರುಳಿಕಾಯಿ, ಬೆಂಡೆಕಾಯಿ, ಕ್ಯಾರೆಟ್, ಟೊಮೆಟೊ ಎಲ್ಲ ಸೇರಿ ಉಳಿದ 2 ಕೆ.ಜಿ.ಯಲ್ಲಿ ಹಂಚಿಕೊಳ್ಳಬೇಕು. ಅದೇ ದಿನದ ಹಾಪ್‌ಕಾಮ್ಸ್ ದರಪಟ್ಟಿ ಇಟ್ಟುಕೊಂಡು ಕೂಡಿಸಿದರೆ ನಮ್ಮ ಬಾಕ್ಸಿನ ಮಾಲು ಸಾಮಾನ್ಯವಾಗಿ 500 ರೂಪಾಯಿ ಆಸುಪಾಸಿಗೆ ಬರುತ್ತದೆ. ಉಳಿದ 200 ಮನೆ ಬಾಗಿಲಿಗೆ ತಂದಿದ್ದಕ್ಕೆ. ಅದು ಜಾಸ್ತಿ ಅಂತ ನಾನು ಹೇಳುವುದಿಲ್ಲ. ಗಾಂಧಿ ಬಜಾರ್‌ನಿಂದ ಆಟೊ ಮಾಡಿದರೂ ದುಡ್ಡು ಕೊಡಬೇಕಲ್ಲ.

ಬಾಕ್ಸಿನ ಬೆಲೆ ಎಂದೂ ಬದಲಾಗುವುದಿಲ್ಲ ಅನ್ನುವುದನ್ನು ಅವರು ಒಂದು ಗುಣವಾಗಿ ಹೇಳುತ್ತಾರೆ. ಬೆಲೆ ಬದಲಾಗದಿದ್ದರೆ ಒಳಗಿನದು ಬದಲಾಗುತ್ತದೆ, ಅಷ್ಟೇ. 2023ರ ಜುಲೈನಲ್ಲಿ ಬೆಂಗಳೂರಲ್ಲಿ ಟೊಮೆಟೊ ಕೆ.ಜಿ.ಗೆ 100 ರೂಪಾಯಿ ದಾಟಿತ್ತಲ್ಲ, ಆಗ ನನ್ನ ತಂಗಿ ಮನೆಗೆ ಇಂಥದ್ದೇ ಬಾಕ್ಸ್ ಬರುತ್ತಿತ್ತು. ಟೊಮೆಟೊ ಇದ್ದ ಜಾಗದಲ್ಲಿ ಮೂಲಂಗಿ ಕೂತಿತ್ತು. ಅವಳು ತಿಂಗಳಿಡೀ ಹುಣಸೆಹಣ್ಣಿನಲ್ಲೇ ಸಾರು ಮಾಡಿದಳು.

ನನ್ನ ದೊಡ್ಡ ದೂರು ಬೇರೆಯೇ ಇದೆ. ಈ ಬಾಕ್ಸ್ ಕಟ್ಟುವವರಿಗೆ ನಮ್ಮ ಅಡುಗೆ ಗೊತ್ತಿದ್ದಂತಿಲ್ಲ. ಲೆಟ್ಯೂಸ್ ಬರುತ್ತದೆ, ಜುಕಿನಿ ಬರುತ್ತದೆ. ಕರಿಬೇವು ಬರುವುದಿಲ್ಲ. ಹಸಿಮೆಣಸಿನಕಾಯಿ, ಕೊತ್ತಂಬರಿ, ಶುಂಠಿ, ನಿಂಬೆಹಣ್ಣು ಯಾವುದೂ ಇಲ್ಲ. ಬೇಕಿದ್ದರೆ ಬೇರೆಯಾಗಿ ಆರ್ಡರ್ ಮಾಡಿ ಅನ್ನುತ್ತಾರೆ, ಒಂದೊಂದಕ್ಕೂ ಒಂದೊಂದು ರೇಟು. ಗಾಡಿಯವರ ಹತ್ತಿರ ನೂರು ರೂಪಾಯಿ ತರಕಾರಿ ತಗೊಂಡರೆ ಎರಡು ಎಸಳು ಕರಿಬೇವು, ನಾಲ್ಕು ಮೆಣಸಿನಕಾಯಿ ಕೊಸರಿಗೆ ಬರುತ್ತದೆ. ಕೇಳುವುದೂ ಬೇಡ, ಅವರೇ ಹಾಕುತ್ತಾರೆ. ಹಾಗಾಗಿ ಬಾಕ್ಸ್ ಬಂದ ದಿನವೂ ಒಗ್ಗರಣೆಗಾಗಿ ನಾನು ಚಪ್ಪಲಿ ಮೆಟ್ಟಲೇಬೇಕು. ಚಪ್ಪಲಿ ಮೆಟ್ಟಿದ ಮೇಲೆ ಅರ್ಧ ಕೆ.ಜಿ. ಹೀರೆಕಾಯಿ ತರದೆ ಬರಲು ನನ್ನಿಂದ ಆಗುವುದಿಲ್ಲ. ಖರ್ಚು ಇಲ್ಲೂ ಆಯಿತು, ಅಲ್ಲೂ ಆಯಿತು.

ಅಳತೆಯೂ ಹೀಗೆಯೇ. ಉಳಿದ 2 ಕೆ.ಜಿ.ಯಲ್ಲೇ ಎಂಟು ಬಗೆ ಕಳಿಸಬೇಕು ಅಂತ ಎಲ್ಲವನ್ನೂ ಕಾಲು ಕೆ.ಜಿ. ಕಾಲು ಕೆ.ಜಿ. ಹಾಕುತ್ತಾರೆ. ನಾಲ್ಕು ಜನಕ್ಕೆ ಕಾಲು ಕೆ.ಜಿ. ಬೆಂಡೆಕಾಯಿಯಲ್ಲಿ ಗೊಜ್ಜು ಆಗುವುದಿಲ್ಲ, ಪಲ್ಯವೂ ಆಗುವುದಿಲ್ಲ. ಕೊನೆಗೆ ಗುರುವಾರದ ಹೊತ್ತಿಗೆ ಎಲ್ಲ ಚೂರುಗಳನ್ನೂ ಸೇರಿಸಿ ಬೆರಕೆ ಹುಳಿ. ಮಗ ಅದಕ್ಕೆ ‘ಕ್ರೇಟ್ ಸಾಂಬಾರ್’ ಅಂತ ಹೆಸರಿಟ್ಟಿದ್ದಾನೆ. ರುಚಿ ಚೆನ್ನಾಗಿಯೇ ಇರುತ್ತದೆ, ಆದರೆ ವಾರಾ ವಾರಾ ಅದನ್ನೇ ತಿನ್ನಬೇಕು ಅಂದರೆ?

ತುಂಬುವ ರೀತಿ ಬಗ್ಗೆ ಒಂದು ಮಾತು. ಏಲಕ್ಕಿ ಬಾಳೆ ಚಿಪ್ಪನ್ನು ಸೊಪ್ಪಿನ ಮೇಲೆಯೇ ಇಟ್ಟು ಕಳಿಸುತ್ತಿದ್ದರು. ಹಣ್ಣಾಗುವ ಬಾಳೆ ಎಥಿಲೀನ್ ಅನಿಲ ಬಿಡುತ್ತದೆ. ಅದು ತಾಗಿದರೆ ಸೊಪ್ಪು, ಸೌತೆಕಾಯಿ ಬೇಗ ಹಳದಿ ತಿರುಗುತ್ತವೆ. ಫೋಟೊ ತೆಗೆದು ಕಳಿಸಿದೆ. ಮುಂದಿನ ವಾರದಿಂದ ಹಣ್ಣಿಗೆ ಬೇರೆ ಕಾಗದದ ಚೀಲ ಬಂತು. ಹೇಳಿದ್ದನ್ನು ಕೇಳುತ್ತಾರೆ, ಆ ಮಟ್ಟಿಗೆ ಒಳ್ಳೆಯವರು. ಮನೆಯಲ್ಲೂ ಕ್ರೇಟ್ ಬಂದ ತಕ್ಷಣ ಹಣ್ಣನ್ನು ಬೇರೆ ಮಾಡಿ. ಸೊಪ್ಪನ್ನು ತೊಳೆಯದೆ ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಡಿ. ಬೇಕಾದಾಗ ತೊಳೆದರೆ ಸಾಕು.

ಬಾಕ್ಸಿನಲ್ಲಿ ನನಗೆ ಪೂರ್ತಿ ಒಪ್ಪಿಗೆಯಾದದ್ದು ಹಣ್ಣು. ಬೇಸಿಗೆಯಲ್ಲಿ ರಸಪುರಿ, ಬಾದಾಮಿ ಮಾವನ್ನು ಅರೆಗಾಯಿಯಾಗಿ ಕಳಿಸುತ್ತಾರೆ. ಕಾಗದ ಹಾಸಿದ ಬುಟ್ಟಿಯಲ್ಲಿ ಇಟ್ಟರೆ ಮೂರು ನಾಲ್ಕು ದಿನಕ್ಕೆ ಮನೆಯೆಲ್ಲ ಘಮ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ಕಾನೂನಿನ ಪ್ರಕಾರ ನಿಷಿದ್ಧ, ಆದರೂ ಮಾರುಕಟ್ಟೆಯಲ್ಲಿ ಹೊರಗೆ ಹಳದಿ, ಒಳಗೆ ಹುಳಿ ಇರುವ ಹಣ್ಣು ತಿಂದು ಅತ್ತೆ ಬೇಸತ್ತಿದ್ದರು. ಸಪೋಟ, ಸೀಬೆ ಕೂಡ ಚೆನ್ನಾಗಿರುತ್ತವೆ.

‘ಸಾವಯವ’ದ ಬಗ್ಗೆ ಕೇಳುವವರಿಗೆ: ನಮ್ಮ ಬಾಕ್ಸಿನ ಮೇಲೆ ‘ನೈಸರ್ಗಿಕವಾಗಿ ಬೆಳೆದದ್ದು’ ಅಂತ ಇದೆ. ಅದು ಸರ್ಟಿಫಿಕೇಟ್ ಅಲ್ಲ, ಬರೀ ಮಾತು. ಪ್ರಮಾಣೀಕರಿಸಿದ ಸಾವಯವ ಆಹಾರಕ್ಕೆ ‘ಜೈವಿಕ್ ಭಾರತ್’ನಂಥ ಅಧಿಕೃತ ಮುದ್ರೆ ಇರುತ್ತದೆ. ಅದರ ಹಿಂದೆ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಪದ್ಧತಿಯ ತಪಾಸಣೆ ಇರುತ್ತದೆ. ಮೊದಲನೆಯದರಲ್ಲಿ ಹೊರಗಿನ ಸಂಸ್ಥೆ ಬಂದು ನೋಡುತ್ತದೆ, ಎರಡನೆಯದರಲ್ಲಿ ರೈತರ ಗುಂಪು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡುತ್ತಾರೆ. ಮುದ್ರೆ ಇಲ್ಲದಿದ್ದರೆ ಸಾವಯವದ ರೇಟು ಕೊಡಬೇಡಿ. ಹೂಕೋಸಿನಲ್ಲಿ ಹುಳ ಇದ್ದರೆ ಔಷಧಿ ಹೊಡೆದಿಲ್ಲ ಅಂತ ಕೆಲವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ನಾನು ಸುಮ್ನೆ ಅರಿಶಿನ, ಉಪ್ಪು ಹಾಕಿದ ಬಿಸಿನೀರಿನಲ್ಲಿ ಮುಳುಗಿಸಿಡುತ್ತೇನೆ.

ಹಾಗಾದರೆ ಯಾರಿಗೆ ಬಾಕ್ಸ್ ಒಳ್ಳೆಯದು? ಹತ್ತಿರದಲ್ಲಿ ಮಾರುಕಟ್ಟೆ ಇಲ್ಲದ, ಸರ್ಜಾಪುರ ರಸ್ತೆ ಕಡೆಯ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಇರುವ, ಬಂದದ್ದನ್ನು ಮಾಡಿಕೊಂಡು ತಿನ್ನುವ ಇಬ್ಬರಿಗೆ ಖಂಡಿತ ಒಳ್ಳೆಯದು. ಏಕಾದಶಿ, ಶ್ರಾದ್ಧ, ವ್ರತ ಅಂತ ಪಂಚಾಂಗ ನೋಡಿ ಅಡುಗೆ ಮಾಡುವ ಮನೆಗೆ ಸ್ವಲ್ಪ ಕಷ್ಟ. ಶ್ರಾದ್ಧದ ವಾರ ನಮಗೆ ಬಾಳೆಕಾಯಿ, ಹಾಗಲಕಾಯಿ, ಸುವರ್ಣಗೆಡ್ಡೆ ಬೇಕು, ಆ ವಾರವೇ ಬಾಕ್ಸಿನ ತುಂಬ ಹುರುಳಿಕಾಯಿ, ಕ್ಯಾರೆಟ್, ಹೂಕೋಸು.

ಈ ಸಲ ಜಗಳವಾದದ್ದು ಚಾತುರ್ಮಾಸ್ಯಕ್ಕೆ. ಆಷಾಢ ಏಕಾದಶಿಯಿಂದ ಒಂದು ತಿಂಗಳು ನಮ್ಮಲ್ಲಿ ಶಾಕವ್ರತ. ಅತ್ತೆ ತರಕಾರಿ, ಸೊಪ್ಪು ಮುಟ್ಟುವುದಿಲ್ಲ. ಹೆಸರುಬೇಳೆ, ಮೆಣಸು, ಜೀರಿಗೆಯಲ್ಲೇ ಅಡುಗೆ, ಮನೆಯವರಿಗೆಲ್ಲ ಅದೇ. ಆಪ್‌ನಲ್ಲಿ ಬಾಕ್ಸನ್ನು ಎರಡು ವಾರಕ್ಕಿಂತ ಹೆಚ್ಚು ತಡೆಹಿಡಿಯಲು ಬರುವುದಿಲ್ಲ. ಫೋನ್ ಮಾಡಿದರೆ ಆ ಹುಡುಗ, “ಮೇಡಂ, ತಿಂಗಳು ಪೂರ್ತಿ ತರಕಾರಿ ತಿನ್ನಲ್ವಾ? ಯಾರಿಗಾದರೂ ಹುಷಾರಿಲ್ವಾ?” ಅಂದ. ಪಾಪ, ಕಾಳಜಿಯಿಂದಲೇ ಕೇಳಿದ್ದು. ವಿವರಿಸಿ ಹೇಳಿದೆ. ಅವರ ಮೇಲಿನವರನ್ನು ಕೇಳಿ ಬಂದು, “ರೂಲ್ಸ್ ಇಲ್ಲ ಮೇಡಂ, ಕ್ಯಾನ್ಸಲ್ ಮಾಡಿ ಮತ್ತೆ ಸೇರಿಕೊಳ್ಳಿ” ಅಂದ. ಹಾಗೇ ಮಾಡಿದೆ. ಕ್ರೇಟ್‌ನ ಡಿಪಾಸಿಟ್ 300 ರೂಪಾಯಿ ಕೇಳದೆಯೇ ವಾಪಸ್ ಬಂತು. ವ್ರತ ಮುಗಿದ ಮೇಲೆ 3 ಕೆ.ಜಿ. ಬಾಕ್ಸಿಗೆ ಮತ್ತೆ ಸೇರುತ್ತೇನೆ. ಹಣ್ಣು 2 ಕೆ.ಜಿ., ಬೇಡದ ಎರಡು ತರಕಾರಿಗಳ ಪಟ್ಟಿಯಲ್ಲಿ ಸೀಮೆಬದನೆ ಮತ್ತು ಜುಕಿನಿ.