ಕಿವಿನೋವು ಒಮ್ಮೆಲೇ ನಿಂತಿತೇ? ಎಣ್ಣೆ ಬಾಟಲಿ ಕೆಳಗಿಡಿ

ಆಟಿ ತಿಂಗಳು, ಉಡುಪಿ ಹತ್ತಿರದ ಒಂದು ಮನೆ. ನಾಲ್ಕು ವರ್ಷದ ಹುಡುಗನಿಗೆ ಮೂರು ದಿನದಿಂದ ಶೀತ. ನಾಲ್ಕನೇ ರಾತ್ರಿ ಕಿವಿ ಹಿಡಿದುಕೊಂಡು ಒಂದೇ ಸಮನೆ ಅಳು. ಅಜ್ಜಿ ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ತೆಂಗಿನೆಣ್ಣೆಯಲ್ಲಿ ಕಾಯಿಸಿ, ಉಗುರುಬೆಚ್ಚಗಾದ ಮೇಲೆ ನಾಲ್ಕು ಹನಿ ಬಿಟ್ಟರು. ಬೆಳಗಿನ ಜಾವಕ್ಕೆ ಅಳು ನಿಂತು ಮಗು ಮಲಗಿತು. ತಲೆದಿಂಬಿನ ಮೇಲೆ ಹಳದಿ ಕಲೆ. ಎಣ್ಣೆ ಕೀವನ್ನು ಹೊರಗೆ ಎಳೆಯಿತು ಎಂದು ಮನೆಯವರಿಗೆಲ್ಲ ಸಮಾಧಾನ. ಅದೇ ಧೈರ್ಯದಲ್ಲಿ ಮತ್ತೂ ಒಂದು ವಾರ ದಿನಕ್ಕೆರಡು ಸಲ ಎಣ್ಣೆ ಬಿಟ್ಟರು.

ಮೂರನೇ ವಾರಕ್ಕೆ ತಡೆಯಲಾಗದ ತುರಿಕೆ. ಮೆಡಿಕಲ್‌ನಲ್ಲಿ ಕೇಳಿ ಆಂಟಿಬಯೋಟಿಕ್, ಸ್ಟೀರಾಯ್ಡ್ ಎರಡೂ ಸೇರಿದ ಹನಿ ತಂದು ಹಾಕಿದರು. ಎರಡು ದಿನ ಇಳಿದ ತುರಿಕೆ ಆಮೇಲೆ ದುಪ್ಪಟ್ಟಾಯಿತು. ಕೊನೆಗೆ ಕಿವಿ ಡಾಕ್ಟ್ರು ನೋಡಿದಾಗ ಒಳಗಿದ್ದದ್ದು ಒದ್ದೆಯಾದ ನ್ಯೂಸ್‌ಪೇಪರಿನಂಥ ಬೂದು ಮುದ್ದೆ, ಅದರ ಮೇಲೆ ಕಪ್ಪು ಚುಕ್ಕಿ. ಮುದ್ದೆ ತೆಗೆದ ಮೇಲೆ ಕಂಡದ್ದು ಕಿವಿಯ ತಮಟೆಯಲ್ಲಿ, ಅಂದರೆ ನಾಳದ ಕೊನೆಯ ತೆಳು ಪೊರೆಯಲ್ಲಿ, ತೂತು.

ಇಲ್ಲಿ ತಪ್ಪಿದ್ದು ಮೊದಲ ರಾತ್ರಿಯಲ್ಲ, ಮೊದಲ ಬೆಳಗ್ಗೆ. ಮೂಗಿನ ಹಿಂಬದಿಯಿಂದ ಮಧ್ಯಕಿವಿಗೆ ಒಂದು ಸಪೂರ ಕೊಳವೆ ಇದೆ. ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚುಕಡಿಮೆ ಅಡ್ಡಕ್ಕೇ ಮಲಗಿರುತ್ತದೆ. ಶೀತಕ್ಕೆ ಅದು ಕಟ್ಟಿಕೊಂಡರೆ ತಮಟೆಯ ಹಿಂದೆ ಕೀವು ತುಂಬಿ ಒತ್ತುತ್ತದೆ. ಜೀವ ಹೋಗುವಂಥ ನೋವು ಆ ಒತ್ತಡದ್ದು. ತಮಟೆ ಒಡೆದ ಕೂಡಲೇ ಒತ್ತಡ ಇಳಿದು ನೋವು ನಿಲ್ಲುತ್ತದೆ, ಕೀವು ಹೊರಬರುತ್ತದೆ. ಎಣ್ಣೆ ಬಿಟ್ಟಿದ್ದರೂ ಬಿಡದಿದ್ದರೂ ಇಷ್ಟೇ ಆಗುತ್ತಿತ್ತು. ತಮಟೆ ಗಟ್ಟಿ ಇರುವಾಗ ಎಣ್ಣೆ ಸೋಂಕಿನ ಜಾಗಕ್ಕೆ ತಲುಪುವುದೇ ಇಲ್ಲ. ಒಡೆದ ಮೇಲೆ ನೇರ ಒಳಗಿಳಿಯುತ್ತದೆ, ಹೊರಗಿನ ಕೊಳೆಯನ್ನೂ ಕರೆದುಕೊಂಡು. ಒಣಗಿಸಿ ಇಟ್ಟರೆ ಇಂಥ ತೂತು ಹೆಚ್ಚಾಗಿ ಕೆಲವು ವಾರದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಅದಕ್ಕೆ ನಾವೇ ಅವಕಾಶ ಕೊಡುವುದಿಲ್ಲ.

ಇನ್ನು ಆ ಬೂದು ಮುದ್ದೆ. ಅದು ಬೂಷ್ಟು, ಸಾಮಾನ್ಯವಾಗಿ ಆಸ್ಪರ್ಜಿಲಸ್ ಎಂಬ ಫಂಗಸ್. ಮಳೆಗಾಲದಲ್ಲಿ ನಮ್ಮಲ್ಲಿ ಚಪ್ಪಲಿ, ಬೆಲ್ಟು, ಉಪ್ಪಿನಕಾಯಿ ಭರಣಿ ಯಾವುದನ್ನೂ ಬಿಡದ ಬೂಷ್ಟು ಎಣ್ಣೆ ಸವರಿದ ಕಿವಿಯನ್ನು ಬಿಟ್ಟೀತೇ ಮಾರಾಯ್ರೇ? ಕಿವಿಯ ನಾಳದ ಉದ್ದ ದೊಡ್ಡವರಲ್ಲಿ ಸುಮಾರು 2.5 ಸೆಂಟಿಮೀಟರ್. ಹೊರಗಿನ ಮೂರನೇ ಒಂದು ಪಾಲಿನಲ್ಲಿ ಮಾತ್ರ ಗುಗ್ಗೆ ಹುಟ್ಟುತ್ತದೆ. ಗುಗ್ಗೆಯ ಹುಳಿ ಗುಣ, ನೀರು ಹಿಡಿಯದ ಜಿಡ್ಡು, ಎರಡೂ ಕಿವಿಗೆ ಕಾವಲು. ಬಡ್ಸ್ ಹಾಕಿ ಅದನ್ನು ಕೆರೆದು ತೆಗೆದರೆ ಕಾವಲು ಹೋಯಿತು, ಚರ್ಮವೂ ತರಚಿತು. ಆಂಟಿಬಯೋಟಿಕ್ ಹನಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಫಂಗಸ್‌ಗೆ ಜಾಗ ಖಾಲಿ ಮಾಡಿಕೊಡುತ್ತದೆ. ಸ್ಟೀರಾಯ್ಡ್ ತುರಿಕೆಯನ್ನಷ್ಟೇ ಅಡಗಿಸುತ್ತದೆ. ಬೂಷ್ಟಿಗೆ ಮದ್ದು ಸಾಮಾನ್ಯವಾಗಿ 1% ಕ್ಲೋಟ್ರಿಮಝೋಲ್ ಹನಿ, ಎರಡು ವಾರದಷ್ಟು. ಆದರೆ ಮೊದಲು ಮುದ್ದೆಯನ್ನು ಡಾಕ್ಟ್ರ ಹತ್ತಿರ ಸಕ್ಷನ್ನಿನಲ್ಲಿ (ಹೀರಿ ತೆಗೆಯುವ ಸಪೂರ ನಳಿಕೆಯಲ್ಲಿ) ತೆಗೆಸಬೇಕು, ಅದರ ಮೇಲೇ ಹನಿ ಬಿಟ್ಟರೆ ಕೆಳಗಿಳಿಯುವುದಿಲ್ಲ. ಇನ್ನೊಂದು ಅಪಾಯವೂ ಇದೆ: ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಹನಿಗಳು ತೂತಿನ ಮೂಲಕ ಒಳಕಿವಿಗೆ ಇಳಿದರೆ ಕೇಳುವ ಶಕ್ತಿಗೇ ಪೆಟ್ಟು. ಹಾಗಾಗಿ ತಮಟೆ ನೋಡಿಸದೆ ಯಾವ ಹನಿಯೂ ಬೇಡ, ಕಳೆದ ವರ್ಷದ ಅರ್ಧ ಬಾಟಲಿಯಂತೂ ಬೇಡವೇ ಬೇಡ.

ಹಾಗಾದರೆ ನೋವಿನ ರಾತ್ರಿ ಮಾಡುವುದೇನು? ನೋವಿಗೆ ಪ್ಯಾರಾಸಿಟಮಾಲ್. ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕೇ ಸಲ. 15 ಕಿಲೋ ಮಗುವಿಗೆ ಹೆಚ್ಚೆಂದರೆ 225 ಮಿಗ್ರಾಂ. 5 ಮಿಲಿಗೆ 250 ಎಂದು ಬರೆದ ಸಿರಪ್ಪಾದರೆ 4.5 ಮಿಲಿ, 125 ಎಂದಿದ್ದರೆ 9 ಮಿಲಿ. ಎಡವುವುದು ಪಾಪುಗಳ ಡ್ರಾಪ್ಸ್ ಬಾಟಲಿಯಲ್ಲಿ. ಅದರಲ್ಲಿ ಸಾಮಾನ್ಯವಾಗಿ 1 ಮಿಲಿಗೇ 100 ಮಿಗ್ರಾಂ ಇರುತ್ತದೆ, ಸಿರಪ್ಪಿನ ಚಮಚದಲ್ಲಿ ಅಳೆದರೆ ಕಥೆ ಕೆಟ್ಟಿತು. ಲೇಬಲ್ ಓದಿಯೇ ಅಳೆಯಿರಿ. ಆಸ್ಪಿರಿನ್ ಮಕ್ಕಳಿಗೆ ಕೊಡಬೇಡಿ.

ಬೆಳಗ್ಗೆ ಕಿವಿಯ ಎಲೆಯನ್ನು ಮೆಲ್ಲ ಎಳೆದು ನೋಡಿ. ಚೀರಿದರೆ ಹೊರನಾಳದ ಸೋಂಕು ಇರಬಹುದು. ಶೀತದ ಬೆನ್ನಿಗೇ ನೋವು ಬಂದಿದ್ದು, ಎಳೆದರೂ ಏನೂ ಆಗದಿದ್ದರೆ ಮಧ್ಯಕಿವಿಯದ್ದೇ ಹೆಚ್ಚು. ಎರಡು ವರ್ಷ ದಾಟಿದ ಮಗು, ಒಂದೇ ಕಿವಿ, ಕಡಿಮೆ ನೋವು, ಜ್ವರ 102 ಡಿಗ್ರಿಯೊಳಗೆ ಎಂದಾದರೆ ಡಾಕ್ಟರೂ ಎರಡು ಮೂರು ದಿನ ಕಾದು ನೋಡಲು ಹೇಳುವುದುಂಟು, ಬಹಳಷ್ಟು ತಾನೇ ಇಳಿಯುತ್ತದೆ. ಆರು ತಿಂಗಳೊಳಗಿನ ಮಗುವಿಗೆ ಕಾಯುವ ಮಾತಿಲ್ಲ.

ಕಿವಿ ಸೋರುತ್ತಿದ್ದರೆ ಬತ್ತಿ ಇಡಿ. ತೊಳೆದು ಚೆನ್ನಾಗಿ ಒಣಗಿಸಿದ ಹತ್ತಿಬಟ್ಟೆಯ ಮೂಲೆಯನ್ನು ದೀಪದ ಬತ್ತಿಯಂತೆ ಹೊಸೆದು ಕಿವಿಯ ಬಾಯಲ್ಲಿ ಇಟ್ಟು, ಒದ್ದೆಯಾದ ಮೇಲೆ ಎಸೆದು ಬೇರೆ ಇಡುವುದು. ಬತ್ತಿ ಒಣಗಿಯೇ ಬರುವವರೆಗೆ, ದಿನಕ್ಕೆ ಮೂರು ಸಲವಾದರೂ. ಅರಳೆ ಬೇಡ, ಎಳೆ ಒಳಗುಳಿಯುತ್ತದೆ. ಕಡ್ಡಿಗೆ ಸುತ್ತಿ ತುರುಕುವುದೂ ಬೇಡ. ಸ್ನಾನಕ್ಕೆ ಮಾತ್ರ ವ್ಯಾಸಲೀನ್ ಸವರಿದ ಹತ್ತಿಯುಂಡೆಯನ್ನು ಕಿವಿಬಾಯಿಗೆ ಇಟ್ಟು, ಆಮೇಲೆ ತೆಗೆದುಬಿಡಿ. ಡಾಕ್ಟ್ರು ಹನಿ ಬರೆದುಕೊಟ್ಟರೆ ಬಾಟಲಿಯನ್ನು ಎರಡು ನಿಮಿಷ ಅಂಗೈಯಲ್ಲಿ ಬೆಚ್ಚಗೆ ಹಿಡಿಯಿರಿ, ತಣ್ಣಗಿನ ಹನಿಗೆ ತಲೆ ತಿರುಗುತ್ತದೆ. ಹಾಕಿದ ಮೇಲೆ ಮೂರರಿಂದ ಐದು ನಿಮಿಷ ಮಗ್ಗುಲಾಗಿಯೇ ಮಲಗಿಸಿ.

ಎಣ್ಣೆಗೂ ಒಂದು ಹೊತ್ತಿದೆ ಅನ್ನಿ. ಜೀವಂತ ಹುಳ ಕಿವಿಗೆ ಹೊಕ್ಕು ಒದ್ದಾಡುತ್ತಿದ್ದರೆ, ಹಿಂದೆ ಎಂದೂ ಸೋರದ ಕಿವಿಯಾದರೆ, ನಾಲ್ಕು ಹನಿ ತೆಂಗಿನೆಣ್ಣೆ ಅದನ್ನು ಸುಮ್ಮನಾಗಿಸುತ್ತದೆ. ಹುಳ ತೆಗೆಸುವುದು ಆಸ್ಪತ್ರೆಯಲ್ಲೇ.

ಕಿವಿಯ ಹಿಂದೆ ಊದಿ ಎಲೆ ಮುಂದಕ್ಕೆ ಬಾಗಿದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ, ತಲೆ ತಿರುಗಿದರೆ, ಕುತ್ತಿಗೆ ಬಿಗಿದರೆ ಅವತ್ತೇ ಹೊರಡಿ. ಸಕ್ಕರೆ ಕಾಯಿಲೆಯವರಿಗೆ ರಾತ್ರಿ ನಿದ್ದೆಗೆಡಿಸುವ ಕಿವಿನೋವು ಬಂದರೂ ಹಾಗೆಯೇ, ಅವರಲ್ಲಿ ಸೋಂಕು ಮೂಳೆಗೆ ಇಳಿಯಬಹುದು. ಖರ್ಚಿನ ಚಿಂತೆಯಾದರೆ ಮಂಗಳೂರಿನ ವೆನ್ಲಾಕ್, ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಎರಡೂ ಸರಕಾರದ್ದೇ.

ಸೋರುವುದು ನಿಂತ ಮೇಲೂ ಇನ್ನೊಮ್ಮೆ ತಮಟೆ ನೋಡಿಸಿ. ಅದು ಕೂಡಿದೆ ಎಂದು ಹೇಳುವವರೆಗೆ ಕೆರೆ, ಹೊಳೆ, ಸಮುದ್ರ ಯಾವುದರಲ್ಲೂ ಮುಳುಗು ಹಾಕುವಂತಿಲ್ಲ. ಮೂರು ತಿಂಗಳಾದರೂ ತೂತು ಹಾಗೇ ಉಳಿದರೆ ತೇಪೆ ಹಾಕುವ ಆಪರೇಷನ್ನಿನ ಬಗ್ಗೆ ಕೇಳಬೇಕಾಗುತ್ತದೆ.