ಹಂಪನಕಟ್ಟೆಯ ವೆನ್‌ಲಾಕ್ ಆಸ್ಪತ್ರೆ: ಒಂದು ವಿಮರ್ಶೆ

ಖಾಸಗಿ ಆಸ್ಪತ್ರೆಗಳಿಗೆ ಬರವಿಲ್ಲದ ಮಂಗಳೂರಿನಲ್ಲಿ ವೆನ್‌ಲಾಕ್ ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗದ ಮುಂದೆ ಇಂದಿಗೂ ಜನ ಸಾಲುಗಟ್ಟುವುದಕ್ಕೆ ಬಡತನವೊಂದೇ ಕಾರಣವಲ್ಲ ಎಂದು ನನಗನ್ನಿಸುತ್ತದೆ. 1848ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿ ಆರಂಭವಾದ ಈ ಆಸ್ಪತ್ರೆ, ಆ ಶತಮಾನದ ಕೊನೆಯ ದಶಕದಲ್ಲಿ ಮದರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್‌ಲಾಕ್ ಅವರ ಹೆಸರನ್ನು ಹೊತ್ತಿದೆ.

ಇದರ ನಿಜವಾದ ಬಲ ಒಂದು ಅಪರೂಪದ ಏರ್ಪಾಡಿನಲ್ಲಿದೆ. ಆಸ್ಪತ್ರೆ ಸರ್ಕಾರದ್ದು, ಆದರೆ 1950ರ ದಶಕದಿಂದಲೂ ಖಾಸಗಿಯಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತನ್ನ ವಿದ್ಯಾರ್ಥಿಗಳನ್ನು ಇಲ್ಲಿಯ ವಾರ್ಡುಗಳಲ್ಲಿ ಪಳಗಿಸುತ್ತ ಬಂದಿದೆ. ಹೀಗಾಗಿ ಸಾಮಾನ್ಯ ವಾರ್ಡಿನ ರೋಗಿಗೂ ಪ್ರಾಧ್ಯಾಪಕರ ಸಲಹೆ ದೊರೆಯುತ್ತದೆ. ಹಾಸಿಗೆಯ ಸುತ್ತ ನೆರೆಯುವ ವಿದ್ಯಾರ್ಥಿಗಳಿಗೆ ಜ್ವರದ ಕಥೆಯನ್ನು ಮತ್ತೆ ಮತ್ತೆ ಹೇಳುವುದು ಕೆಲವರಿಗೆ ಬೇಸರವೆನಿಸಬಹುದು. ಮಲೇರಿಯಾ ದಶಕಗಳಿಂದ ಕಾಡುತ್ತಿರುವ ಊರಿನಲ್ಲಿ ಅಷ್ಟು ಕೆದಕಿ ಕೇಳುವುದೇ ಲೇಸು. ರೋಗಿ ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳಿದ್ದನ್ನು ಪಕ್ಕದ ಹಾಸಿಗೆಯವರು ಹೊರರಾಜ್ಯದ ವಿದ್ಯಾರ್ಥಿಗೆ ಕನ್ನಡದಲ್ಲೋ ಹಿಂದಿಯಲ್ಲೋ ತಿಳಿಸಿಕೊಡುವುದೂ ಉಂಟು.

ಕಾಸರಗೋಡಿನವರ ನಂಟು ಇನ್ನೂ ಹಳೆಯದು. 1956ರವರೆಗೆ ಆ ತಾಲ್ಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ರಾಜ್ಯದ ಗಡಿ ಬದಲಾದರೂ ಕಾಯಿಲೆ ಬಿದ್ದಾಗ ಮಂಗಳೂರಿನ ರೈಲು ಹತ್ತುವ ರೂಢಿ ಬದಲಾಗಲಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ನೆಪದಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತೆಂದರೆ, ಆ ಜನ ಈ ನಗರದ ಆಸ್ಪತ್ರೆಗಳನ್ನು ಎಷ್ಟರಮಟ್ಟಿಗೆ ನೆಚ್ಚಿಕೊಂಡಿದ್ದಾರೆಂದು ಊಹಿಸಬಹುದು.

2018ರಲ್ಲಿ ಜಾರಿಗೆ ಬಂದ ಆರೋಗ್ಯ ಕರ್ನಾಟಕ ಯೋಜನೆಯಡಿ, ತುರ್ತು ಸಂದರ್ಭಗಳನ್ನು ಬಿಟ್ಟರೆ, ಖಾಸಗಿ ಆಸ್ಪತ್ರೆಯ ದುಬಾರಿ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ರೋಗಿಯ ಜೊತೆಗಿರುವವರಿಗೆ ಈ ಓಡಾಟ ಹಗುರದ್ದಲ್ಲ. ನಿಯಮ ರೂಪಿಸಿದವರು ಇದನ್ನು ಇನ್ನಷ್ಟು ಸರಳಗೊಳಿಸಬಹುದಿತ್ತು. ಪಡಿತರ ಚೀಟಿ ಮತ್ತು ಆಧಾರ್ ಕಾರ್ಡನ್ನು ಮೊದಲೇ ಕೈಯಲ್ಲಿಟ್ಟುಕೊಂಡು ಬರುವುದು ಒಳ್ಳೆಯದು. ಹೆರಿಗೆಗೆ ಬರುವವರು ಮಾತ್ರ ವೆನ್‌ಲಾಕ್‌ಗೆ ಬರದೆ, ನಗರದಲ್ಲೇ ಪ್ರತ್ಯೇಕವಾಗಿರುವ ಸರ್ಕಾರಿ ಲೇಡಿಗೋಷನ್ ಆಸ್ಪತ್ರೆಗೆ ನೇರವಾಗಿ ಹೋಗಬೇಕು.