ಕಣ್ಣಿಲ್ಲದ ನಾಯಕರು: ‘ಬಿಯಾಂಡ್ ಐಸ್’, ‘ದಿ ವೇಲ್’, ‘ಎ ಬ್ಲೈಂಡ್ ಲೆಜೆಂಡ್’

ಅಂಧರನ್ನೇ ಮುಖ್ಯ ಪಾತ್ರವಾಗಿಸಿದ ಈ ಮೂರು ವಿಡಿಯೊ ಗೇಮ್‌ಗಳನ್ನೂ ಆಡಿದ್ದೇನೆ. ನೋಟಕ್ಕೆ ‘ಬಿಯಾಂಡ್ ಐಸ್’ ಅನ್ನು ಮೀರಿಸುವುದು ಇನ್ನೊಂದಿಲ್ಲ. ಆದರೂ ಯಾರಾದರೂ ಕೇಳಿದರೆ ನಾನು ಹೇಳುವುದು ‘ದಿ ವೇಲ್’ ಎಂದೇ.

2015ರ ‘ಬಿಯಾಂಡ್ ಐಸ್’ನಲ್ಲಿ ರೇ ಎಂಬ ಹುಡುಗಿ ನಾನಿ ಎಂಬ ಬೆಕ್ಕನ್ನು ಹುಡುಕುತ್ತಾ ಹೊರಡುತ್ತಾಳೆ. ಪರದೆ ಪೂರ್ತಿ ಬಿಳಿ. ಅವಳು ಹೆಜ್ಜೆಯಿಟ್ಟಲ್ಲಿ ಹುಲ್ಲು ಮೂಡುತ್ತದೆ, ಕೈಗೆ ತಗುಲಿದಲ್ಲಿ ಬೇಲಿ. ನೀರಿನ ಸದ್ದು ಕೇಳಿ ಅವಳು ಕಾರಂಜಿಯನ್ನು ಕಲ್ಪಿಸಿಕೊಳ್ಳುತ್ತಾಳೆ. ಹತ್ತಿರ ಹೋದರೆ ಅದು ಚರಂಡಿ! ಊಹೆ ಕೈಕೊಡುವುದನ್ನು ಬಣ್ಣದಲ್ಲೇ ತೋರಿಸಿದ ಈ ಜಾಣ್ಮೆಗೆ ಮನಸೋತೆ. ಆದರೆ ರೇ ಕೈ ಚಾಚಿಕೊಂಡು ತೀರಾ ನಿಧಾನವಾಗಿ ನಡೆಯುತ್ತಾಳೆ, ಹೆದರಿದಾಗ ಮುದುಡಿಕೊಳ್ಳುತ್ತಾಳೆ. ಆಡಿ ಮುಗಿಸಿದಾಗ ನನ್ನಲ್ಲಿ ಉಳಿದದ್ದು ಮರುಕ ಮಾತ್ರ. ಮರುಕ ಅಪಾಯಕಾರಿ. ಸ್ವತಃ ಅಂಧರಾದ ಅಮೆರಿಕದ ಮನಶ್ಶಾಸ್ತ್ರಜ್ಞೆ ಏರಿಯಲ್ ಸಿಲ್ವರ್‌ಮನ್ ಮತ್ತು ಸಂಗಡಿಗರು ಕೆಲವರ ಕಣ್ಣಿಗೆ ಬಟ್ಟೆ ಕಟ್ಟಿ ಕೆಲಸ ಮಾಡಿಸಿ ನೋಡಿದ್ದರು. ಹಾಗೆ ತಡವರಿಸಿದವರು, ಅಂಧರಿಗೆ ಸ್ವತಂತ್ರವಾಗಿ ಬದುಕುವ ಸಾಮರ್ಥ್ಯ ಕಡಿಮೆ ಎಂದು ಭಾವಿಸಿದರು. ಕತ್ತಲಾದ ಮೊದಲ ಗಳಿಗೆಯ ಗಾಬರಿಯನ್ನೇ ಅವರು ಇಡೀ ಬದುಕು ಎಂದುಕೊಂಡಿದ್ದರು.

2021ರಲ್ಲಿ ಬಂದ ಕೆನಡಾದ ‘ದಿ ವೇಲ್: ಶ್ಯಾಡೋ ಆಫ್ ದಿ ಕ್ರೌನ್’ ಆ ಮೊದಲ ಗಳಿಗೆಯಲ್ಲೇ ನಿಂತುಬಿಡುವುದಿಲ್ಲ. ಪರದೆಯಲ್ಲಿ ತೇಲುವ ಕಣಗಳ ಹೊರತು ಏನೂ ಇಲ್ಲ, ಹೆಡ್‌ಫೋನ್ ಬೇಕೇ ಬೇಕು. ರಾಜಕುಮಾರಿ ಅಲೆಕ್ಸ್ ಹುಟ್ಟಿನಿಂದಲೇ ಅಂಧೆ, ಕತ್ತಿವರಸೆ ಬಲ್ಲವಳು. ಶತ್ರು ಎಡದಿಂದ ಬಂದನೋ, ಬಲದಿಂದಲೋ, ಎದುರಿನಿಂದಲೋ ಎಂಬುದನ್ನು ಕಿವಿಯೇ ಹೇಳಬೇಕು. ಶುರುವಿನಲ್ಲಿ ಏಟಿನ ಮೇಲೆ ಏಟು ತಿಂದೆ. ಬರುಬರುತ್ತಾ ಕಿವಿ ಪಳಗಿತು. ಹೆಜ್ಜೆ ಸಪ್ಪಳಕ್ಕೆ ಗುರಾಣಿ ತಾನಾಗಿ ತಿರುಗತೊಡಗಿತು. ಕಲಿತರೆ ಒಲಿಯುವ ವಿದ್ಯೆ ಇದು ಎಂದು ಮೈಗೇ ಗೊತ್ತಾಯಿತು. ಮರುಕಕ್ಕೆ ಅಲ್ಲಿ ಎಡೆಯೇ ಇರಲಿಲ್ಲ.

ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯ. ಅಂಧೆಯ ಕಥೆ ಹೇಳುವ ‘ಬಿಯಾಂಡ್ ಐಸ್’ ಅನ್ನು ಅಂಧರು ತಾವಾಗಿ ಆಡುವಂತಿಲ್ಲ, ಅದು ನಿಂತಿರುವುದೇ ಚಿತ್ರದ ಮೇಲೆ. ‘ದಿ ವೇಲ್’ ಅನ್ನು ನಾನೂ ನನ್ನ ಅಂಧ ಗೆಳೆಯನೂ ಆಡಿದೆವು. ಯಾವ ಕಾಳಗವನ್ನು ಹೇಗೆ ಗೆಲ್ಲಬೇಕೆಂದು ಇಬ್ಬರೂ ಸಮಸಮವಾಗಿ ವಾದಿಸಿದೆವು.

ಫ್ರಾನ್ಸಿನ ‘ಎ ಬ್ಲೈಂಡ್ ಲೆಜೆಂಡ್’ ಕೂಡ 2015ರದೇ, ಮೊಬೈಲಿನಲ್ಲೇ ಸಿಗುತ್ತದೆ. ಪರದೆ ಕಪ್ಪು, ಮಗಳು ಲೂಯಿಸ್‌ಳ ಧ್ವನಿ ಹಿಡಿದು ಯೋಧ ಎಡ್ವರ್ಡ್ ಬ್ಲೇಕ್ ನಡೆಯುತ್ತಾನೆ, ಬೆರಳು ಜಾರಿಸಿದರೆ ಕತ್ತಿ ಬೀಸುತ್ತಾನೆ. ಕಾದಾಟ ಬೇಗ ಒಂದೇ ತೆರನಾಗುತ್ತದೆ. ಆದರೂ ಧ್ವನಿಯಾಟದ ರುಚಿ ಹತ್ತಿಸಿಕೊಳ್ಳಲು ಇದೇ ಸುಲಭದ ದಾರಿ.

ಧ್ವನಿಯಾಟದಲ್ಲಿ ಮಾತೇ ದಾರಿ ತೋರಬೇಕು. ಈ ಮೂರರಲ್ಲಿ ಯಾವುದಕ್ಕೂ ಕನ್ನಡದ ಧ್ವನಿಯಿಲ್ಲ. ಇಲ್ಲಿ ಗೇಮ್ ಕಟ್ಟುವವರು ಅಲ್ಲಿಂದಲೇ ಕೆಲಸ ಶುರು ಮಾಡಬಹುದು.